ಸರ್ಕಾರಿ ಕಚೇರಿಗಳು ಖಾಲಿ ಬಿದ್ದಿರುವುದಕ್ಕೆ ಮನೆಯಿಂದ ಕೆಲಸ ಮಾಡುವ ಪದ್ಧತಿಯೇ ಕಾರಣವೇ?

ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ನೌಕರರು ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲೆ ಖಾಲಿ ಉಳಿದ ಕಚೇರಿಗಳಿಗೆ ಸರ್ಕಾರ ಏಕೆ ಹಣ ಸುರಿಯುತ್ತಲೇ ಇತ್ತು, ಎಲ್ಲರನ್ನೂ ಕಚೇರಿಗೆ ಕರೆಸಿಕೊಂಡರೆ ಈ ದುಂದು ನಿಲ್ಲುವುದಿಲ್ಲವೇ ಎಂದು ತಾವು ಕೇಳಿದ್ದೀರಿ. ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿನ ಲೆಕ್ಕಪರಿಶೋಧನಾ ವರದಿಗಳನ್ನು ಆಸಕ್ತಿಯಿಂದ ಓದುತ್ತ ಬಂದಿರುವ ನನಗೆ ಈ ಸಮಸ್ಯೆಯ ಬೇರುಗಳು ಕೋವಿಡ್‌ಗಿಂತ ಬಹಳ ಹಿಂದಕ್ಕೆ ಹೋಗಿರುವುದು ಕಾಣುತ್ತದೆ.

ಸುದ್ದಿಯಲ್ಲಿ ಹೆಚ್ಚಾಗಿ ಉಲ್ಲೇಖಗೊಂಡ ಅಂಕಿಗಳು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2023ರ ಜುಲೈನಲ್ಲಿ ಪ್ರಕಟಿಸಿದವು. ಆ ವರ್ಷದ ಜನವರಿ, ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಿಂದ ತಲಾ ಒಂದು ವಾರವನ್ನು ಆಯ್ದು ನೋಡಿದಾಗ, 24 ದೊಡ್ಡ ಇಲಾಖೆ ಮತ್ತು ಸಂಸ್ಥೆಗಳ ಪೈಕಿ 17 ತಮ್ಮ ಪ್ರಧಾನ ಕಚೇರಿಗಳ ಸಾಮರ್ಥ್ಯದಲ್ಲಿ ಸರಾಸರಿ ಶೇ. 25ರಷ್ಟನ್ನು ಅಥವಾ ಅದಕ್ಕಿಂತ ಕಡಿಮೆಯನ್ನು ಮಾತ್ರ ಬಳಸುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ಬಳಸುತ್ತಿದ್ದವು ಕೂಡ ಅರ್ಧದ ಗಡಿಯನ್ನು ದಾಟಿರಲಿಲ್ಲ. ಸ್ವಂತ ಕಚೇರಿ ಕಟ್ಟಡಗಳನ್ನು ನಡೆಸಲು ಮತ್ತು ಸುಸ್ಥಿತಿಯಲ್ಲಿಡಲು ವರ್ಷಕ್ಕೆ ಸುಮಾರು 200 ಕೋಟಿ ಡಾಲರ್, ಗುತ್ತಿಗೆಗೆ ಪಡೆದವುಗಳ ಬಾಡಿಗೆಗೆ ಸುಮಾರು 500 ಕೋಟಿ ಡಾಲರ್ ಖರ್ಚಾಗುತ್ತದೆಂದು ಆ ಸಂಸ್ಥೆ ಹೇಳಿತು. ಈ ಅಳತೆ ಪ್ರಧಾನ ಕಚೇರಿಗಳಿಗೆ ಮಾತ್ರ ಸಂಬಂಧಿಸಿದ್ದು ಎಂಬುದನ್ನು ಮರೆಯಬಾರದು. ಫೆಡರಲ್ ನೌಕರರಲ್ಲಿ ಬಹುಪಾಲು ಜನ ವಾಷಿಂಗ್ಟನ್ನಿನ ಹೊರಗೆ, ಆಸ್ಪತ್ರೆ, ಗಡಿ ಠಾಣೆ, ವಿಮಾನ ನಿಲ್ದಾಣಗಳಂಥ ಕಡೆಗಳಲ್ಲಿ ದುಡಿಯುತ್ತಾರೆ. ಅವರಲ್ಲಿ ಅನೇಕರಿಗೆ ಮನೆಯಿಂದ ಕೆಲಸ ಎಂಬುದು ಎಂದೂ ಸಾಧ್ಯವಿರಲಿಲ್ಲ.

ಇದೇ ಸಂಸ್ಥೆ ಸರ್ಕಾರಿ ಕಟ್ಟಡಗಳ ನಿರ್ವಹಣೆಯನ್ನು ದುಂದು, ದುರ್ಬಳಕೆಗೆ ಸುಲಭವಾಗಿ ತುತ್ತಾಗಬಲ್ಲ ಸರ್ಕಾರಿ ಕಾರ್ಯಕ್ಷೇತ್ರಗಳ ತನ್ನ ‘ಹೆಚ್ಚಿನ ಅಪಾಯ’ದ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಆಗ ಬಹುತೇಕ ನೌಕರರು ಕಚೇರಿಗೇ ಬರುತ್ತಿದ್ದರು. 2015ರಲ್ಲಿ ಕಚೇರಿ ಜಾಗವನ್ನು ಕುಗ್ಗಿಸಬೇಕೆಂಬ ಆದೇಶವೂ ಹೊರಟಿತ್ತು. ಹಲವು ಪ್ರಧಾನ ಕಚೇರಿಗಳು ಕಾಗದದ ಕಡತಗಳ ಕಾಲದಲ್ಲಿ ಕಟ್ಟಿದವು. ಅಗಲವಾದ ಓಣಿಗಳು, ಇಂದಿನ ಕೆಲಸಕ್ಕೆ ಹೊಂದದ ಕೋಣೆಗಳು ಅವುಗಳಲ್ಲಿವೆ. ನಿಯೋಜಿತ ನೌಕರರೆಲ್ಲರೂ ಒಂದೇ ದಿನ ಹಾಜರಾದರೂ ಕೆಲವು ಕಟ್ಟಡಗಳು ತುಂಬುವುದಿಲ್ಲವೆಂದು 2023ರ ವರದಿಯೇ ಹೇಳುತ್ತದೆ. ಮನೆಯಿಂದ ಕೆಲಸ ಈ ಹಳೆಯ ಹೊರೆಯನ್ನು ಹೆಚ್ಚಿಸಿತು, ನಿಜ. ಅದರ ಜೊತೆಗೇ ಅದನ್ನು ಎಲ್ಲರ ಕಣ್ಣಿಗೆ ಬೀಳುವಂತೆಯೂ ಮಾಡಿತು.

ಹಾಗಾದರೆ ಮಾರಿಬಿಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ತೊಡಕಿರುವುದೇ ಇಲ್ಲಿ. ಒಂದು ಇಲಾಖೆ ಎರಡು ಕಟ್ಟಡಗಳನ್ನು ಬಿಟ್ಟು ಒಂದರಲ್ಲಿ ನೆಲೆಸಬೇಕಾದರೆ ಉಳಿಯುವ ಕಟ್ಟಡವನ್ನು ಮಾರ್ಪಡಿಸಬೇಕು, ಭದ್ರತಾ ವ್ಯವಸ್ಥೆಯನ್ನು ಹೊಂದಿಸಬೇಕು, ಸಾಮಾನು ಸಾಗಿಸಬೇಕು. ಆ ಖರ್ಚು ಈ ವರ್ಷದ ಬಜೆಟ್ಟಿನಲ್ಲಿಯೇ ಸಿಗಬೇಕು, ಉಳಿತಾಯವೋ ಮುಂದಿನ ಹತ್ತಾರು ವರ್ಷಗಳಲ್ಲಿ ಚೂರುಚೂರಾಗಿ ಬರುವಂಥದ್ದು. ಸರ್ಕಾರಿ ಕಟ್ಟಡಗಳ ಒಡೆತನವನ್ನು ನೋಡಿಕೊಳ್ಳುವ ಜಿಎಸ್‌ಎ ಎಂಬ ಸಂಸ್ಥೆ ಇಲಾಖೆಗಳಿಂದ ಬಾಡಿಗೆಯನ್ನು ಸಂಗ್ರಹಿಸಿ ಒಂದು ನಿಧಿಗೆ ಹಾಕುತ್ತದೆ. ಆದರೆ ಆ ನಿಧಿಯಿಂದ ಎಷ್ಟು ಖರ್ಚು ಮಾಡಬಹುದೆಂಬುದನ್ನು ಸಂಸತ್ತು ಪ್ರತಿವರ್ಷ ನಿರ್ಧರಿಸುತ್ತದೆ, ಮತ್ತು ಅನೇಕ ವರ್ಷಗಳಲ್ಲಿ ಸಂಗ್ರಹವಾದದ್ದಕ್ಕಿಂತ ಕಡಿಮೆ ಹಣವನ್ನೇ ಬಿಡುಗಡೆ ಮಾಡಿದೆ. ಪರಿಣಾಮವಾಗಿ ದುರಸ್ತಿ ಮುಂದಕ್ಕೆ ಹೋಗುತ್ತದೆ, ದುರಸ್ತಿಯಾಗದ ಕಟ್ಟಡಕ್ಕೆ ಒಳ್ಳೆಯ ಬೆಲೆ ಬರುವುದಿಲ್ಲ. ಇದರ ಮೇಲೆ, ಬೇಡವಾದ ಕಟ್ಟಡವನ್ನು ಮೊದಲು ಬೇರೆ ಫೆಡರಲ್ ಇಲಾಖೆಗಳಿಗೆ ಬೇಕೇ ಎಂದು ಕೇಳಬೇಕು; 1987ರ ಮೆಕಿನ್ನಿ-ವೆಂಟೋ ಕಾಯ್ದೆಯ ಪ್ರಕಾರ ವಸತಿಹೀನರ ನೆರವಿಗೆ ಉಪಯೋಗವಾಗುವುದೇ ಎಂದು ಪರಿಶೀಲಿಸಬೇಕು; ಪರಿಸರ ಮತ್ತು ಪಾರಂಪರಿಕ ಮಹತ್ವದ ವಿಚಾರಣೆಯೂ ನಡೆಯಬೇಕು. ವಸತಿಹೀನರಿಗೆ ಆದ್ಯತೆ ಕೊಡುವ ನಿಯಮವನ್ನು ಅಡ್ಡಿಯೆಂದು ಬಣ್ಣಿಸುವವರನ್ನು ನಾನು ಒಪ್ಪುವುದಿಲ್ಲ. ಸಾರ್ವಜನಿಕ ಹಣದಿಂದ ಕಟ್ಟಿದ ಸೂರು ಸೂರಿಲ್ಲದವರಿಗೆ ಸಲ್ಲುವುದು ನ್ಯಾಯ. ಪರಿಶೀಲನೆ ಬೇಗ ಮುಗಿಯಬೇಕೆಂಬುದಷ್ಟೇ ನನ್ನ ಆಗ್ರಹ.

ಇನ್ನೊಂದು ಮೂಲಭೂತ ಕೊರತೆಯೆಂದರೆ ಬಳಕೆಯನ್ನು ಅಳೆಯಲು ಎಲ್ಲರಿಗೂ ಅನ್ವಯಿಸುವ ಒಂದೇ ಮಾನದಂಡ ಬಹುಕಾಲ ಇರಲಿಲ್ಲ. ಒಂದು ಇಲಾಖೆ ಬಾಗಿಲಿನ ಕಾರ್ಡಿನ ದಾಖಲೆಯನ್ನು ನೋಡಿದರೆ ಇನ್ನೊಂದು ನಿಯೋಜಿತ ಮೇಜುಗಳನ್ನು ಎಣಿಸುತ್ತಿತ್ತು. 2025ರ ಜನವರಿಯಲ್ಲಿ ಜಾರಿಗೆ ಬಂದ ‘ಯೂಸ್ ಇಟ್’ ಕಾಯ್ದೆ ಒಬ್ಬರಿಗೆ 150 ಚದರ ಅಡಿಯ ಲೆಕ್ಕವನ್ನೂ ಶೇ. 60ರ ಬಳಕೆಯ ಗುರಿಯನ್ನೂ ನಿಗದಿಪಡಿಸಿತು. ಅದೇ ತಿಂಗಳ 20ರಂದು ಹೊಸ ಅಧ್ಯಕ್ಷರು ನೌಕರರೆಲ್ಲ ಪೂರ್ಣಾವಧಿ ಕಚೇರಿಗೆ ಮರಳಬೇಕೆಂದು ಸೂಚಿಸಿದರು. ಮಾರ್ಚ್‌ನಲ್ಲಿ ಜಿಎಸ್‌ಎ ಸರ್ಕಾರದ ಕೆಲಸಕ್ಕೆ ಅತ್ಯಗತ್ಯವಲ್ಲದ, ಮಾರಿಬಿಡಬಹುದಾದ 443 ಆಸ್ತಿಗಳ ಪಟ್ಟಿಯನ್ನು ಪ್ರಕಟಿಸಿ ಬಹುಬೇಗ ಹಿಂತೆಗೆದುಕೊಂಡಿತು. ಜನರನ್ನು ಒಳಗೆ ಕರೆಯುವುದು, ಕಟ್ಟಡಗಳನ್ನು ಹೊರಗೆ ಹಾಕುವುದು ಎರಡೂ ಒಟ್ಟಿಗೆ ಅವಸರದಿಂದ ನಡೆದರೆ ಯಾರಿಗೆ ಎಷ್ಟು ಜಾಗ ಬೇಕೆಂಬ ಲೆಕ್ಕವೇ ಕೆಡುತ್ತದೆ. ಅಷ್ಟಕ್ಕೂ, ಅಗತ್ಯಕ್ಕಿಂತ ದೊಡ್ಡದಾದ ಕಟ್ಟಡದಲ್ಲಿ ನೌಕರರು ಬಂದು ಕೂತ ಮಾತ್ರಕ್ಕೆ ಅದರ ವಿದ್ಯುತ್ತು, ಕಾವಲು, ದುರಸ್ತಿಗಳ ಬಿಲ್ಲಿನಲ್ಲಿ ಒಂದು ಡಾಲರ್ ಕೂಡ ಕಡಿಮೆಯಾಗುವುದಿಲ್ಲ.

ನನ್ನನ್ನು ಕೇಳಿದರೆ ಕೆಲಸವನ್ನು ಗುತ್ತಿಗೆಯ ಕಟ್ಟಡಗಳಿಂದ ಆರಂಭಿಸಬೇಕು. ಅವಧಿ ಮುಗಿಯುವ ಪ್ರತಿ ಗುತ್ತಿಗೆಯನ್ನೂ ನವೀಕರಿಸುವ ಮೊದಲು ಅಲ್ಲಿ ಕಳೆದ ವರ್ಷ ನಿಜವಾಗಿ ಎಷ್ಟು ಜನ ಕೂತರು, ಅವರನ್ನು ಹತ್ತಿರದ ಸ್ವಂತ ಕಟ್ಟಡಕ್ಕೆ ಸೇರಿಸಬಹುದೇ ಎಂಬ ದಾಖಲೆಯನ್ನು ಸಾರ್ವಜನಿಕವಾಗಿ ಇಡಬೇಕು. ಹಾಗೆ ಕೈಬಿಟ್ಟ ಗುತ್ತಿಗೆಯ ಬಾಡಿಗೆ, ಕಟ್ಟಡವೊಂದರ ಮಾರಾಟಕ್ಕಾಗಿ ವರ್ಷಗಟ್ಟಲೆ ಕಾಯುವ ಅಗತ್ಯವಿಲ್ಲದೆ, ಮರುವರ್ಷದ ಲೆಕ್ಕದಲ್ಲಿಯೇ ಉಳಿಯುತ್ತದೆ.