ಓದುಗರ ಪ್ರಶ್ನೆ: ಕೋಶಗಳ ಎಣಿಕೆ ಸರಿಯಿದ್ದರೆ ಸಾಕೇ?

ಪ್ರಶ್ನೆ: ತಂಗಿಯ ನಾಲ್ಕು ತಿಂಗಳ ಗಂಡುಮಗುವಿಗೆ ನಿಲ್ಲದ ನೀರುಭೇದಿ, ಮೈತುಂಬ ಇಸುಬು, ಜೊತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ‘ಐಪೆಕ್ಸ್’ ಇರಬಹುದು ಎಂದರು. ಟಿ-ರೆಗ್ ಕೋಶಗಳ ಎಣಿಕೆ ಮಾತ್ರ ನಾರ್ಮಲ್ ಬಂದಿದೆ. ನಮ್ಮ ಮನೆತನದಲ್ಲಿ ಯಾರಿಗೂ ಇದಿಲ್ಲ. ನಿಶ್ಚಿಂತೆಯಿಂದ ಇರಬಹುದೇ? ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ ಕೊಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಒಂದು ರಿಪೋರ್ಟ್ ನಂಬಿ ಸುಮ್ಮನಿರಬೇಡಿ. ಐಪೆಕ್ಸ್ ಎಂದರೆ ಜೀನ್ ದೋಷದಿಂದ ರೋಗನಿರೋಧಕ ಕೋಶಗಳು ಸ್ವಂತ ದೇಹದ ಮೇಲೇ ಬೀಳುವ ಕಾಯಿಲೆ. ಭೇದಿ, ಇಸುಬು, ಸಕ್ಕರೆ ಕಾಯಿಲೆ ಮೂರೂ ಹಸುಳೆಯಲ್ಲಿ ಒಟ್ಟಿಗೆ ಕಂಡರೆ ಜೀನ್ ಪರೀಕ್ಷೆ ಆಗಲೇಬೇಕು.

ರಕ್ತದ ಸಿಡಿ4 ಟಿ ಕೋಶಗಳಲ್ಲಿ (ರೋಗನಿರೋಧಕ ಬಿಳಿ ರಕ್ತಕಣಗಳ ಒಂದು ಗುಂಪು) ಶೇಕಡಾ 5ರಿಂದ 10ರಷ್ಟು ಟಿ-ರೆಗ್. ಉಳಿದ ಕೋಶಗಳು ಸ್ವಂತ ದೇಹದ ಮೇಲೇ ಬೀಳದಂತೆ ಲಗಾಮು ಹಿಡಿಯುವವು ಇವೇ. ಅದಕ್ಕೆ ಫಾಕ್ಸ್‌ಪಿ3 ಎಂಬ ಪ್ರೋಟೀನ್ ಬೇಕು. ಫ್ಲೋ ಸೈಟೋಮೆಟ್ರಿ ಎಂಬ ಕೋಶ ಎಣಿಸುವ ಪರೀಕ್ಷೆಯಲ್ಲಿ ಕೋಶದ ಪೊರೆಗೆ ರಂಧ್ರ ಮಾಡಿ, ಒಳಗಿನ ಈ ಪ್ರೋಟೀನಿಗೆ ಬಣ್ಣ ಹತ್ತಿಸಿ ಎಣಿಸುತ್ತಾರೆ. ಪ್ರೋಟೀನ್ ಇದೆಯೇ ಎಂಬುದು ಗೊತ್ತಾಗುತ್ತದೆ, ಕೆಲಸ ಮಾಡುತ್ತಿದೆಯೇ ಎಂಬುದು ಗೊತ್ತಾಗುವುದಿಲ್ಲ. ಜೀನಿನಲ್ಲಿ ಒಂದಕ್ಷರ ತಪ್ಪಿ ಒಂದು ಅಮೈನೊ ಆಮ್ಲ ಬದಲಾದರೂ ಪ್ರೋಟೀನ್ ತಯಾರಾಗಬಹುದು. ಅದು ಬಣ್ಣ ಹಿಡಿಯುತ್ತದೆ, ಆದರೆ ಕೆಲಸ ಮಾಡಲು ಬೇಕಾದಂತೆ ಡಿಎನ್‌ಎ ಹಿಡಿಯುವುದಿಲ್ಲ. ಇನ್ನೊಂದು ತೊಡಕು: ಮೈಯೆಲ್ಲ ಉರಿಯೂತವಿದ್ದಾಗ ಮಾಮೂಲಿ ಟಿ ಕೋಶಗಳೂ ಸ್ವಲ್ಪ ಹೊತ್ತು ಫಾಕ್ಸ್‌ಪಿ3 ತೋರಿಸಿ ಎಣಿಕೆಯನ್ನು ತುಂಬಿಸಿಬಿಡುತ್ತವೆ.

ಫಾಕ್ಸ್‌ಪಿ3 ಜೀನನ್ನು ಪೂರ್ತಿ ಓದಿಸಿ. ಎಕ್ಸೋಮ್ ಪರೀಕ್ಷೆಯಾದರೆ (ಜೀನುಗಳಲ್ಲಿ ಪ್ರೋಟೀನಿನ ಸೂತ್ರವಿರುವ ಭಾಗಗಳನ್ನಷ್ಟೇ ಓದುವ ಪರೀಕ್ಷೆ) ಲ್ಯಾಬಿನವರಿಗೆ ಒಂದು ಮಾತು ಕೇಳಿ: ಜೀನಿನ ಬಾಲದಲ್ಲಿ ‘ಇಲ್ಲಿಗೆ ಮುಗಿಯಿತು’ ಎಂದು ತಿಳಿಸುವ ‘ಪಾಲಿ-ಎ ಸಂಕೇತ’ ಇದರಲ್ಲಿ ಬರುತ್ತದೆಯೇ? ಅಲ್ಲಿನ ದೋಷದಿಂದಲೂ ಐಪೆಕ್ಸ್ ಬರುತ್ತದೆ, ಮಾಮೂಲಿ ಎಕ್ಸೋಮಿನಲ್ಲಿ ಅದು ತಪ್ಪಿಹೋಗಬಹುದು. ಫಾಕ್ಸ್‌ಪಿ3 ಸರಿಯಿದ್ದರೆ ಸಿಡಿ25, ಸಿಟಿಎಲ್‌ಎ4, ಎಲ್‌ಆರ್‌ಬಿಎ, ಸ್ಟ್ಯಾಟ್5ಬಿ ಜೀನುಗಳನ್ನು ನೋಡಿಸಿ. ಇವುಗಳ ದೋಷವೂ ಇದೇ ರೀತಿಯ ಕಾಯಿಲೆ ತರುತ್ತದೆ.

ಮನೆತನದಲ್ಲಿ ಯಾರಿಗೂ ಇಲ್ಲ ಎಂಬುದು ಸಮಾಧಾನವಲ್ಲ. ಈ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ; ಅದು ಗಂಡಿಗೆ ಒಂದೇ, ಹೆಣ್ಣಿಗೆ ಎರಡು. ಒಂದು ಎಕ್ಸ್‌ನಲ್ಲಿ ದೋಷ ಹೊತ್ತ (ವಾಹಕ) ತಾಯಿಯಲ್ಲಿ ಒಳ್ಳೆಯ ಎಕ್ಸ್ ಬಳಸುವ ಟಿ-ರೆಗ್‌ಗಳೇ ಉಳಿದುಕೊಳ್ಳುವುದರಿಂದ ಆಕೆ ಆರೋಗ್ಯವಾಗಿರುತ್ತಾಳೆ. ಅಮೆರಿಕದ ಓಕ್ ರಿಡ್ಜ್‌ನಲ್ಲಿ 1949ರಲ್ಲಿ ಕಂಡ ‘ಸ್ಕರ್ಫಿ’ ಇಲಿಗಳಲ್ಲೂ ಗಂಡುಮರಿಗಳೇ ಸಾಯುತ್ತಿದ್ದವು. ಅವುಗಳ ಕೆಟ್ಟ ಜೀನನ್ನು (ಇದೇ ಫಾಕ್ಸ್‌ಪಿ3) 2001ರಲ್ಲಿ ಹುಡುಕಿದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಟಿ-ರೆಗ್ ಗುರುತಿಸಿದ ಶಿಮೋನ್ ಸಕಗುಚಿ ಅವರಿಗೇ 2025ರ ನೊಬೆಲ್ ಸಂದಿದ್ದು.

ಮಗುವಿನ ದೋಷ ಖಚಿತವಾದರೆ ಅದೇ ದೋಷವನ್ನು ತಂಗಿಯ ರಕ್ತದಲ್ಲೂ ಹುಡುಕಿಸಿ. ಆಕೆ ವಾಹಕಿಯಾದರೆ ಮುಂದೆ ಹುಟ್ಟುವ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಅಪಾಯ. ಗರ್ಭದ 11ರಿಂದ 13ನೇ ವಾರದಲ್ಲಿ ಮಾಸಿನ (ಪ್ಲಾಸೆಂಟಾ) ಅಂಶ ತೆಗೆದು ಪರೀಕ್ಷಿಸಬಹುದು. ಲಿಂಗ ಪತ್ತೆ ಅಪರಾಧ, ನಿಜ; ಆದರೆ ಲಿಂಗಸಂಬಂಧಿ ಆನುವಂಶಿಕ ಕಾಯಿಲೆಯ ತಪಾಸಣೆಗೆ ನೋಂದಾಯಿತ ಕೇಂದ್ರಗಳಲ್ಲಿ ಕಾನೂನಿನ ಅನುಮತಿಯಿದೆ.

ಚಿಕಿತ್ಸೆಯಲ್ಲಿ ಸಿರೋಲಿಮಸ್‌ನಂಥ ಔಷಧಿ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥದು) ಹತೋಟಿಗೆ, ಅಸ್ಥಿಮಜ್ಜೆ ಕಸಿ ಗುಣಕ್ಕೆ. ಮಗುವಿನ ಅಣ್ಣನೇ ದಾನಿಯಾಗುವುದಾದರೆ ಅವನ ಜೀನನ್ನೂ ಮೊದಲು ನೋಡಿಸಿ. ಸಿರೋಲಿಮಸ್ ಮಟ್ಟ ಅಳೆಯಲು ಆ ದಿನದ ಡೋಸ್ ಕೊಡುವ ಮೊದಲೇ ರಕ್ತ ತೆಗೆಯಬೇಕು, ಕೊಟ್ಟ ಮೇಲೆ ತೆಗೆದರೆ ಅಂಕಿ ಸುಳ್ಳಾಗುತ್ತದೆ. ಫಂಗಸ್‌ಗೆ ಫ್ಲುಕೊನಜೋಲ್ ಸೇರಿಸಿದರೆ ಸಿರೋಲಿಮಸ್ ರಕ್ತದಲ್ಲಿ ಏರುತ್ತದೆ, ಡಾಕ್ಟರಿಗೆ ತಿಳಿಸಿ. ರೋಟಾವೈರಸ್, ಬಾಯಿಗೆ ಹಾಕುವ ಪೋಲಿಯೊ, ದಡಾರದಂಥ ಜೀವಂತ ಲಸಿಕೆಗಳನ್ನು ಅವರನ್ನು ಕೇಳದೆ ಹಾಕಿಸಬೇಡಿ.

ಕಷಾಯ ಖಂಡಿತ ಬೇಡ. ಈ ಮಗುವಿಗೆ ಕಡಿಮೆಯಾಗಿರುವುದು ಹೋರಾಡುವ ಶಕ್ತಿಯಲ್ಲ, ಅದನ್ನು ತಡೆಯುವ ಶಕ್ತಿ. ಭೇದಿಯಿಂದ ಬಳಲಿದ ಕರುಳಿಗೆ ಕಷಾಯ ಇನ್ನಷ್ಟು ಭಾರ. ಒಣಗಿದ ಬಾಯಿ, ಒಳಸರಿದ ನೆತ್ತಿ, ಆರು ಗಂಟೆಯಾದರೂ ಮೂತ್ರವಿಲ್ಲದಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.