ಓದುಗರ ಪ್ರಶ್ನೆ: ವೇಲ್ಸ್‌ನ ಕಲ್ಲುಮನೆಗೂ ಗಾರೆಯೇ ಬೇಕು

ಪ್ರಶ್ನೆ: ಮಗಳು-ಅಳಿಯ ವೇಲ್ಸ್‌ನ ಮರ್ಥರ್ ಟಿಡ್‌ವಿಲ್ ಬಳಿ ನೂರು ವರ್ಷಕ್ಕೂ ಹಳೆಯ ಕಲ್ಲಿನ ಸಾಲುಮನೆ ಕೊಂಡಿದ್ದಾರೆ. ಮುಂಗೋಡೆಯ ಒಳಮೈ ಮೊಣಕಾಲೆತ್ತರಕ್ಕೆ ಒದ್ದೆಯಾಗಿ ಬಿಳಿ ಉಪ್ಪು ಉದುರುತ್ತಿದೆ. ಹೊರಗೆ ಕಲ್ಲಿನ ಸಂದಿಗೆಲ್ಲ ಸಿಮೆಂಟ್ ತುಂಬಿದೆ. ಗೋಡೆ ಕೊರೆದು ರಾಸಾಯನಿಕ ಇಳಿಸಿ ಅಂತ ಒಬ್ಬರು ಹೇಳಿದ್ದಾರಂತೆ. ಮಾಡಿಸಬಹುದೇ?
— ಓದುಗರು, ಅಗ್ರಹಾರ, ಮೈಸೂರು

ಉತ್ತರ: ಸದ್ಯಕ್ಕೆ ಬೇಡ ಅನ್ನಿ, ಅಮ್ಮ. ಆ ಕಾಲದ ಗೋಡೆ ಒಂದೂವರೆಯಿಂದ ಎರಡು ಅಡಿ ದಪ್ಪ. ಒಳಗೊಂದು, ಹೊರಗೊಂದು ಕಲ್ಲಿನ ಸಾಲು, ನಡುವೆ ಚೂರುಕಲ್ಲು, ಸುಣ್ಣದ ಗಾರೆ. ಕೊರೆದು ಬಿಟ್ಟ ದ್ರವ ನಡುವಿನ ಪೊಳ್ಳುಗಳಿಗೆ ಹರಿದುಹೋಗುತ್ತದೆ, ತೇವ ಮೇಲೇರದಂತೆ ತಡೆಪಟ್ಟಿಯಾಗಿ ನಿಲ್ಲುವುದಿಲ್ಲ.

ಮರ್ಥರ್ ಸುತ್ತಿನ ಕಣಿವೆಗಳ ಮನೆಗಳಿಗೆ ಹೆಚ್ಚಾಗಿ ಬಳಸಿರುವ ಪೆನಂಟ್ ಮರಳುಗಲ್ಲು ಗಟ್ಟಿ, ನೀರು ಹೀರುವುದು ಕಡಿಮೆ. ಗೋಡೆ ಆರಬೇಕಾದದ್ದು ಸಂದಿನ ಗಾರೆಯ ಮೂಲಕ. ಅಲ್ಲಿ ಸಿಮೆಂಟ್ ಕೂತರೆ ಕಲ್ಲಿನಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಮಳೆನೀರು ಅದರಲ್ಲೇ ಒಳಗಿಳಿಯುತ್ತದೆ, ಹಿಂದಿರುಗಲು ದಾರಿಯಿಲ್ಲದೆ ಮನೆಯೊಳಕ್ಕೆ ಒಸರುತ್ತದೆ. ನಿಮ್ಮ ಅಗ್ರಹಾರದ ಹಳೇ ಗಾರೆ ಗೋಡೆಗಳಿಗೆ ಸಿಮೆಂಟ್ ಪ್ಲಾಸ್ಟರ್ ಹಾಕಿಸಿದವರ ಮನೆಯಲ್ಲೂ ಇದೇ ಪಾಡು.

ಮೊದಲು ಮಳೆಯಲ್ಲೇ ಹೊರಗೆ ನಿಂತು ಸೂರಿನ ದೋಣಿ, ಇಳಿಪೈಪು ನೋಡಲಿ. ಸಾಲುಮನೆಯಲ್ಲಿ ದೋಣಿ ಉದ್ದಕ್ಕೂ ಒಂದೇ ಆಗಿರುವುದುಂಟು, ಪಕ್ಕದವರ ಕಡೆ ಕಸ ಕಟ್ಟಿದರೂ ನೀರು ಇವರ ಗೋಡೆಗೆ ಸುರಿಯುತ್ತದೆ. ಹೊರನೆಲ ಒಳನೆಲಕ್ಕಿಂತ 150 ಮಿ.ಮೀ. ಆದರೂ ತಗ್ಗಿರಬೇಕು. ಎಷ್ಟೋ ಮನೆಗಳ ತೇವ ಇಷ್ಟರಿಂದಲೇ ಇಳಿಯುತ್ತದೆ.

ಆಮೇಲೆ ಸಂದು. ಸಿಮೆಂಟನ್ನು ಉಳಿ-ಸುತ್ತಿಗೆಯಲ್ಲೇ ತೆಗೆಸಲಿ. ಗ್ರೈಂಡರ್ ಹಿಡಿದರೆ ಕಲ್ಲಿನಂಚು ಕೊಯ್ದುಹೋಗುತ್ತದೆ, ಆ ಗಾಯ ಮಾಯುವುದಿಲ್ಲ. ಸಂದಿನ ಅಗಲದ ಎರಡರಷ್ಟು, ಕನಿಷ್ಠ 25 ಮಿ.ಮೀ. ಆಳ ಬಿಡಿಸಿ, ದೂಳು ಗುಡಿಸಿ, ನೀರು ಚಿಮುಕಿಸಬೇಕು. ಎನ್‌ಎಚ್‌ಎಲ್ 3.5 ಸುಣ್ಣ (ನೀರು ಬೆರೆತರೆ ಬಿಗಿಯುವ ಜಾತಿಯ ಸುಣ್ಣ, 3.5 ಎಂಬುದು ಅದರ ಬಲದ ದರ್ಜೆ) ಒಂದು ಪಾಲು, ಒರಟು ಮರಳು ಎರಡೂವರೆಯಿಂದ ಮೂರು ಪಾಲು. ಉಂಡೆ ಕಟ್ಟುವಷ್ಟು ಗಟ್ಟಿಯಾಗಿ ಕಲಸಿ ಒತ್ತಿ ತುಂಬಬೇಕು. ಬೆರಳೊತ್ತಿದರೆ ಗುರುತು ಬೀಳದಷ್ಟು ಬಿಗಿದಾಗ ಬಿರುಸು ಬ್ರಷ್ಷಿನಿಂದ ತಟ್ಟಿದರೆ ಮೈ ತರಿತರಿಯಾಗಿ ಬಿಚ್ಚಿಕೊಳ್ಳುತ್ತದೆ, ಆರುವುದಕ್ಕೆ ಅನುಕೂಲ. ಒಂದು ವಾರ ಒದ್ದೆ ಗೋಣಿತಾಟು ಹೊದಿಸಿರಬೇಕು. 5 ಡಿಗ್ರಿಗಿಂತ ಕೆಳಗೆ ಸುಣ್ಣ ಬಲಿಯುವುದಿಲ್ಲ, ಎಳೆ ಗಾರೆಗೆ ಹಿಮ ತಾಗಿದರೆ ಪುಡಿಯಾಗುತ್ತದೆ. ನಮ್ಮ ಮೈಸೂರಿನ ಬಿಸಿಲಿನ ಲೆಕ್ಕ ಅಲ್ಲಿ ನಡೆಯದು, ಬೇಸಿಗೆಯಲ್ಲೇ ಕೆಲಸ ಮುಗಿಯಲಿ. ಒಳಗಿನ ಪ್ಲಾಸ್ಟರೂ ಸುಣ್ಣದ್ದೇ ಆಗಬೇಕು, ಪ್ಲಾಸ್ಟಿಕ್ ಪೇಂಟ್ ಬೇಡ. ಇಷ್ಟು ದಪ್ಪದ ಗೋಡೆ ಪೂರ್ತಿ ಆರಲು ವರ್ಷವೇ ಹಿಡಿದೀತು.

ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಉಳಿ ಮುಟ್ಟುವ ಮೊದಲೇ ಸ್ಥಳೀಯ ಕೌನ್ಸಿಲ್‌ನಲ್ಲಿ ವಿಚಾರಿಸಲಿ.

ಪ್ರಶ್ನೆ: ವೇಲ್ಸ್‌ನ ಸ್ಲೇಟು ಚಾವಣಿಯ ಕಲ್ಲುಗಳಿಗೆ ರಾಣಿವಾಸದ ಹೆಸರುಗಳಂತೆ, ನಿಜವೇ? ಹಳೆಯ ಸ್ಲೇಟು ಜಾರುವುದೇಕೆ?
— ಓದುಗರು, ಮಂಡ್ಯ

ಉತ್ತರ: ನಿಜ, ಹೆಸರುಗಳು ಅಳತೆಯ ಮೇಲೆ. ಡಚೆಸ್ 24×12 ಅಂಗುಲ, ಕೌಂಟೆಸ್ 20×10, ಲೇಡಿ 16×8. ಮಂಗಳೂರು ಹೆಂಚು ರೀಪರಿಗೆ ಕೊಕ್ಕೆಯಂತೆ ಕಚ್ಚಿಕೊಳ್ಳುತ್ತದೆ. ಸ್ಲೇಟು ಚಪ್ಪಟೆ, ಮೊಳೆಯೇ ಆಧಾರ. ಕಬ್ಬಿಣದ ಮೊಳೆ ತುಕ್ಕು ತಿಂದು ಮುರಿದಾಗ ಕಲ್ಲು ಜಾರುತ್ತದೆ, ಕಲ್ಲು ಮಾತ್ರ ಬಹುಪಾಲು ಗಟ್ಟಿಯಾಗೇ ಇರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ: ಖಣಿಲ್ ಎಂದರೆ ಇಟ್ಟುಕೊಳ್ಳಿ, ದಬ್ ಎಂದರೆ ಒಳಗೆ ಪದರ ಬಿಟ್ಟಿದೆ. ಒಳ್ಳೆಯದನ್ನು ತಾಮ್ರದ ಮೊಳೆಯಿಂದ ಮತ್ತೆ ಹೊದಿಸಬಹುದು.