‘ಎಲ್ಲದರಲ್ಲೂ ಹಿಂದೆ’: ಎರಡನೇ ತರಗತಿಯ ಒಂದು ಪ್ರಕರಣ

ಹುಡುಗನಿಗೆ ಏಳು ವರ್ಷ, ಎರಡನೇ ತರಗತಿ. ಗುರುತು ಸಿಗಬಾರದೆಂದು ಮನೆಯ, ಶಾಲೆಯ ವಿವರಗಳನ್ನು ಬದಲಿಸಿದ್ದೇನೆ. ತಂದೆ ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರು ಬಂದದ್ದು ಮಗನ ಹೊಟ್ಟೆನೋವಿನ ಕಾರಣಕ್ಕೆ. ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಳ್ಳುವ ಹೊತ್ತಿಗೆ ಶುರುವಾಗುವ ನೋವು, ಇವತ್ತು ಶಾಲೆ ಬೇಡ ಎಂದ ಕೂಡಲೇ ಇಳಿಯುತ್ತಿತ್ತು. ರಜೆಯ ದಿನ ಅದರ ಸುಳಿವೇ ಇಲ್ಲ. ಮಕ್ಕಳ ವೈದ್ಯರು ಪರೀಕ್ಷಿಸಿ, ದೇಹದಲ್ಲಿ ತೊಂದರೆ ಕಾಣುತ್ತಿಲ್ಲ ಎಂದು ಹೇಳಿ ನನ್ನ ಬಳಿ ಕಳಿಸಿದ್ದರು.

ವೈದ್ಯರ ಚೀಟಿಯ ಜೊತೆಗೆ ತಾಯಿ ಇನ್ನೊಂದು ಹಾಳೆ ತಂದಿದ್ದರು. ಈ ಟರ್ಮ್‌ನಲ್ಲಿ ಮಕ್ಕಳು ಏನೇನು ಕಲಿಯುತ್ತಾರೆ ಎಂದು ಶಾಲೆಯವರು ವಿಷಯವಾರು ಪಟ್ಟಿ ಮಾಡಿ ಕಳಿಸಿದ್ದು. ಭಾಷೆಯಲ್ಲಿ ಒತ್ತಕ್ಷರದ ಪದಗಳು, ಚಿಕ್ಕ ಕಥೆ ಓದಿ ಪ್ರಶ್ನೆಗೆ ಉತ್ತರಿಸುವುದು, ನಾಲ್ಕೈದು ಸಾಲು ಸ್ವಂತ ಬರವಣಿಗೆ. ಗಣಿತದಲ್ಲಿ ನೂರರೊಳಗಿನ ಸಂಖ್ಯೆಗಳು, ಸ್ಥಾನಬೆಲೆ, ಕೂಡುವ ಕಳೆಯುವ ಲೆಕ್ಕ, 2, 5 ಮತ್ತು 10ರ ಮಗ್ಗಿ, ಗಡಿಯಾರ, ಆಕಾರಗಳು. ಪರಿಸರ ಅಧ್ಯಯನದಲ್ಲಿ ಸಸ್ಯ, ನೀರು, ನಮ್ಮ ದೇಹ, ಹಗಲು ರಾತ್ರಿ. ಕೊನೆಯಲ್ಲಿ ಚಿತ್ರಕಲೆ, ಸಂಗೀತ, ಆಟ. ಪ್ರತಿ ಸಾಲಿನ ಎದುರಿಗೂ ತಾಯಿ ಹಸಿರು ಪೆನ್ನಿನಲ್ಲಿ ರೈಟು, ಕೆಂಪಿನಲ್ಲಿ ತಪ್ಪು ಗುರುತು ಹಾಕಿದ್ದರು. ಕೆಂಪೇ ಜಾಸ್ತಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದನ್ನು ಕಿತ್ತು ತಂದಿದ್ದರಿಂದ ಹಾಳೆಯ ಮೂಲೆಗಳು ಹರಿದಿದ್ದವು.

“ಎಲ್ಲದರಲ್ಲೂ ಹಿಂದೆ ಮೇಡಂ. ಯಾವುದೋ ಒಂದು ವಿಷಯ ಅಂದ್ರೆ ಕೂರಿಸಿಕೊಂಡು ಹೇಳಿಕೊಡಬಹುದು. ಇದನ್ನ ನಾನು ಎಲ್ಲಿಂದ ಶುರು ಮಾಡ್ಲಿ?”

ಪಕ್ಕದಲ್ಲಿದ್ದ ತಂದೆ, “ನಾನೂ ಚಿಕ್ಕವನಿದ್ದಾಗ ಹೀಗೇ ಇದ್ದೆ, ಓದೋಕೆ ಬರ್ತಾನೇ ಇರ್ಲಿಲ್ಲ. ಬೆಳೀತಾ ಬೆಳೀತಾ ಸರಿಹೋಯ್ತು. ಇವಳು ಸುಮ್ನೆ ಟೆನ್ಷನ್ ಮಾಡ್ಕೋತಾಳೆ” ಎಂದರು. ಅವರು ಸಮಾಧಾನಕ್ಕೆಂದು ಆಡಿದ ಈ ಮಾತನ್ನು ನಾನು ಫೈಲಿನಲ್ಲಿ ಬರೆದುಕೊಂಡೆ. ಕಾರಣ ಮುಂದೆ ಬರುತ್ತದೆ.

ಸಂಜೆಯ ದಿನಚರಿ ಕೇಳಿದೆ. ಶಾಲೆಯ ಹೋಂವರ್ಕ್ ಮುಗಿದ ಮೇಲೆ ಕಾಗುಣಿತ ಎರಡು ಪುಟ, ಆಮೇಲೆ ಉಕ್ತಲೇಖನ, ತಪ್ಪಾದ ಪದಗಳನ್ನು ಹತ್ತತ್ತು ಸಲ ಬರೆಯುವುದು, ಒಂದು ಪುಟ ಕಳೆಯುವ ಲೆಕ್ಕ, ಪರಿಸರದ ಪ್ರಶ್ನೋತ್ತರ ಬಾಯಿಪಾಠ. ಮಲಗುವ ಹೊತ್ತಿಗೆ ಅಳು. ಕೆಲವು ದಿನ ಹುಡುಗನದು, ಕೆಲವು ದಿನ ತಾಯಿಯದು. ಬೆಳಗಿನ ಹೊಟ್ಟೆನೋವಿಗೆ ಶಾಲೆಯೊಂದೇ ಕಾರಣವಲ್ಲ ಎಂಬುದು ಅಲ್ಲಿಗೇ ಗೊತ್ತಾಯಿತು.

ಹುಡುಗನೊಬ್ಬನನ್ನೇ ಕೂರಿಸಿಕೊಂಡಾಗ ನೋಟ್‌ಬುಕ್ ತೆರೆಯಲಿಲ್ಲ. ಪರಿಸರದ ಕ್ಲಾಸಿನಲ್ಲಿ ಏನು ಮಾಡಿದ್ರಿ ಎಂದು ಕೇಳಿದೆ. ಕಾಳು ನೆನೆಸಿ ಎರಡು ಲೋಟದಲ್ಲಿ ಬಿತ್ತಿದ್ದನ್ನು ಹೇಳತೊಡಗಿದ. “ಒಂದು ಕಿಟಕಿ ಹತ್ರ ಇಟ್ವಿ, ಒಂದು ಬೀರು ಒಳಗೆ. ಬೀರು ಒಳಗಿಂದು ತುಂಬಾ ಉದ್ದ ಆಯ್ತು ಆಂಟಿ. ಆದ್ರೆ ಬಿಳೀ ಇತ್ತು, ಬಗ್ಗಿಹೋಯ್ತು.” ಯಾಕೆ ಉದ್ದ ಆಯ್ತು ಅಂತೀಯ? ತುಸು ಹೊತ್ತು ಸುಮ್ಮನಿದ್ದು, “ಬೆಳಕು ಎಲ್ಲಿದೆ ಅಂತ ಹುಡುಕ್ತಾ ಇತ್ತೇನೋ” ಎಂದ. ಏಳು ವರ್ಷದವನಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಬೇಡ. ಅದೇ ಪಾಠಕ್ಕೆ ಅವನ ನೋಟ್‌ಬುಕ್ಕಿನಲ್ಲಿ ‘ಸಸ್ಯಗಳ ಬೆಳವಣಿಗೆಗೆ ಬೇಕಾದ ಅಂಶಗಳು ಯಾವುವು?’ ಎಂಬ ಪ್ರಶ್ನೆಯ ಕೆಳಗೆ ಅರ್ಧ ಸಾಲು ಇತ್ತು, ಆ ಅರ್ಧ ಸಾಲಿನ ತುಂಬ ಕೆಂಪು ಸುತ್ತುಗಳು. ಪಟ್ಟಿಯಲ್ಲಿ ‘ಸಸ್ಯ’ದ ಮುಂದೆ ತಪ್ಪು ಗುರುತು.

ಆಮೇಲೆ ಒಂದು ಚೀಟಿ ಕೊಟ್ಟೆ: ‘ಮರದಲ್ಲಿ 23 ಹಕ್ಕಿಗಳಿದ್ದವು. ಅವುಗಳಲ್ಲಿ 8 ಹಾರಿಹೋದವು. ಈಗ ಮರದಲ್ಲಿ ಎಷ್ಟು ಹಕ್ಕಿಗಳಿವೆ?’ ಅವನು ಓದಿದ ರೀತಿ: ‘ಮ… ರ… ದ… ಲಿ… ದಲ್ಲಿ.’ ‘ಹ… ಕಿ… ಹಕ್ಕಿ.’ ಸಾಲಿನ ಮೇಲೆ ಸರಿಯುತ್ತಿದ್ದ ಬೆರಳು ಪ್ರತಿ ಒತ್ತಕ್ಷರದ ಬಳಿಯೂ ಕೆಳಗಿಳಿದು, ನಿಂತು, ಮತ್ತೆ ಮೇಲೆ ಹೋಗುತ್ತಿತ್ತು. ಕೊನೆ ಮುಟ್ಟುವಷ್ಟರಲ್ಲಿ ಮೊದಲ ವಾಕ್ಯ ನೆನಪಿನಿಂದ ಜಾರಿಹೋಗಿತ್ತು. ಎರಡು ಸಂಖ್ಯೆ ಕಂಡವು, ಕೂಡಿ 31 ಎಂದು ಬರೆದ. ಅದೇ ಲೆಕ್ಕವನ್ನು ನಾನು ಓದಿ ಹೇಳಿದೆ. ಬೆರಳು ಮಡಿಸುತ್ತ ಹಿಂದಕ್ಕೆ ಎಣಿಸಿ 15 ಎಂದ.

ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಮುಂದಿಟ್ಟ ಒಂದು ಸೂತ್ರ ಇಂಥ ಮಕ್ಕಳನ್ನು ನೋಡುವಾಗ ಬಹಳ ಉಪಯೋಗಕ್ಕೆ ಬರುತ್ತದೆ. ಓದಿ ಅರ್ಥಮಾಡಿಕೊಳ್ಳುವುದು ಎಂದರೆ ಅಕ್ಷರಗಳನ್ನು ಬಿಡಿಸಿ ಓದುವ ಶಕ್ತಿ ಗುಣಿಸು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ. ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯ ಹತ್ತಿರವಿದ್ದರೆ ಇನ್ನೊಂದು ಎಷ್ಟೇ ಇದ್ದರೂ ಉತ್ತರ ಸೊನ್ನೆಯ ಹತ್ತಿರವೇ. ಈ ಹುಡುಗನ ಕೇಳಿಕೆ ಗಟ್ಟಿಯಾಗಿದೆ, ಬಿಡಿಸಿ ಓದುವುದರಲ್ಲಿ ನಿಧಾನ. ಎರಡನೇ ತರಗತಿಯಲ್ಲಿ ಭಾಷೆಯಷ್ಟೇ ಅಲ್ಲ, ಗಣಿತದ ಹೇಳಿಕೆ ಲೆಕ್ಕವೂ ಪರಿಸರದ ಪ್ರಶ್ನೆಯೂ ಅಕ್ಷರದ ಮೂಲಕವೇ ಮಗುವಿನ ಮುಂದೆ ಬರುತ್ತವೆ. ಹೀಗಾಗಿ ಒಂದೇ ಕೊರತೆ ಮೂರು ವಿಷಯದಲ್ಲಿ ಮೂರು ಬೇರೆ ಬೇರೆ ಕೊರತೆಗಳಂತೆ ಕಾಣುತ್ತದೆ.

ಕನ್ನಡದ ಮಕ್ಕಳಿಗೆ ಇಲ್ಲಿ ಇನ್ನೂ ಒಂದು ಮಾತು ಸೇರಿಸಬೇಕು. ಮೂಲ ಅಕ್ಷರಗಳು ಐವತ್ತರ ಆಸುಪಾಸು. ಗುಣಿತ, ಒತ್ತು ಎಲ್ಲ ಸೇರಿ ಕಣ್ಣು ಥಟ್ಟನೆ ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದಲು ಕಲಿಯುತ್ತಿರುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಮೊದಲ ಎರಡು ವರ್ಷ ಸಾಲದು, ಮುಂದಿನ ತರಗತಿಗಳಲ್ಲೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ ಎಂದು ತೋರಿಸುತ್ತದೆ. ಒತ್ತಕ್ಷರದಲ್ಲಿ ಎಡವುವ ಎರಡನೇ ತರಗತಿಯ ಮಗುವನ್ನು ಕಂಡು ಗಾಬರಿಯಾಗಬೇಕಿಲ್ಲ. ಆದರೆ ಇವನು ಎಡವುತ್ತಿದ್ದದ್ದು ವಾರಿಗೆಯವರಿಗಿಂತ ಹೆಚ್ಚು ಎಂದು ಅವನ ಮಿಸ್ ಕೂಡ ಫೋನಿನಲ್ಲಿ ಹೇಳಿದರು.

ಅಕ್ಷರಕ್ಕೆ ಸಂಬಂಧವೇ ಇಲ್ಲದ ಒಂದು ತೊಡಕೂ ಇತ್ತು. 52ರಲ್ಲಿ 17 ಕಳೆಯಲು ಕೊಟ್ಟರೆ 45 ಬರೆಯುತ್ತಿದ್ದ. ಹೇಗೆ ಬಂತು ಎಂದರೆ, “ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದೆ.” ಹದಿನಾರು ಗುಂಡಿಗಳನ್ನು ಎಣಿಸಿ ಮುಂದಿಡಲು ಹೇಳಿ, ಕಾಗದದ ಮೇಲೆ 16 ಎಂದು ಬರೆದೆ. ಈ 6 ಅಂದ್ರೆ ಯಾವ ಗುಂಡಿಗಳು? ಆರು ಗುಂಡಿ ಬೇರೆ ಸರಿಸಿದ. ಈ 1 ಅಂದ್ರೆ? ಒಂದು ಗುಂಡಿ ಸರಿಸಿದ. ಹಾಗಾದ್ರೆ ಇವು? ಉಳಿದ ಒಂಬತ್ತನ್ನು ನೋಡಿ ಭುಜ ಕುಣಿಸಿದ. ಇದು ಶಿಕ್ಷಣತಜ್ಞೆ ಕಾನ್‌ಸ್ಟನ್ಸ್ ಕಮಿ ಹೆಸರುವಾಸಿ ಮಾಡಿದ ಪರೀಕ್ಷೆ. ‘1 ಹತ್ತು, 6 ಬಿಡಿ’ ಎಂದು ತಪ್ಪಿಲ್ಲದೆ ಬರೆಯುವ ಎಷ್ಟೋ ಚಿಕ್ಕ ಮಕ್ಕಳು ಆ 1ಕ್ಕೆ ಒಂದೇ ವಸ್ತು ತೋರಿಸುತ್ತಾರೆ. ತಮಾಷೆಯೆಂದರೆ ತಾಯಿಯ ಪಟ್ಟಿಯಲ್ಲಿ ‘ಸ್ಥಾನಬೆಲೆ’ಯ ಮುಂದೆ ಹಸಿರು ರೈಟು ಇತ್ತು.

ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಇಬ್ಬರಿಗೂ ಇದನ್ನೆಲ್ಲ ತೋರಿಸಿದೆ. ಕೆಂಪು ಗುರುತುಗಳಲ್ಲಿ ಬಹುಪಾಲು ಓದಿನ ನಿಧಾನದಿಂದ ಬಂದವು. ಕಳೆಯುವ ಲೆಕ್ಕದ ಗುರುತು ‘ಹತ್ತು’ ಎಂಬುದು ಇನ್ನೂ ಕೈಗೆ ಸಿಗದೇ ಇರುವುದರಿಂದ. ಗಡಿಯಾರದ ಮುಂದೆ ಶಾಲೆಯೇ ಸಣ್ಣ ಅಕ್ಷರದಲ್ಲಿ ‘ಪರಿಚಯ’ ಎಂದು ಮುದ್ರಿಸಿತ್ತು, ಅಂದರೆ ಈ ಸಲ ನೋಡಿದರೆ ಸಾಕು, ಮುಂದಿನ ವರ್ಷ ಮತ್ತೆ ಬರುತ್ತದೆ. ಅದಕ್ಕೂ ತಪ್ಪು ಬಿದ್ದಿತ್ತು. ಚಿತ್ರಕಲೆ, ಸಂಗೀತ, ಆಟದ ಸಾಲುಗಳಿಗೆ ಮಾತ್ರ ಗುರುತೇ ಇಲ್ಲ. ಯಾಕೆ ಎಂದಾಗ ತಾಯಿ, “ಅದು ಹೇಗೂ ಇರತ್ತಲ್ಲ ಮೇಡಂ” ಎಂದರು. ಟರ್ಮ್ ಹಾಳೆ ಟೀಚರ್ ಕಲಿಸಲು ಹಾಕಿಕೊಂಡ ಯೋಜನೆ. ಅದನ್ನು ಮಗುವಿನ ಮಾರ್ಕ್ಸ್ ಕಾರ್ಡ್ ಮಾಡಿಕೊಂಡರೆ ಮನೆಯಲ್ಲಿ ದಿನವೂ ಪರೀಕ್ಷೆ ನಡೆದಂತೆ.

ಕೊಟ್ಟ ಸಲಹೆಯಲ್ಲಿ ಮೊದಲನೆಯದು ಕಣ್ಣು ಮತ್ತು ಕಿವಿಯ ತಪಾಸಣೆ. ಓದು ನಿಧಾನ ಎಂಬ ಯಾವ ಪ್ರಕರಣದಲ್ಲೂ ಇದನ್ನು ಬಿಟ್ಟು ನಾನು ಮುಂದಕ್ಕೆ ಹೋಗುವುದಿಲ್ಲ. ಎರಡೂ ಸರಿಯಾಗಿದ್ದವು.

ಕಾಗುಣಿತದ ಪುಟಗಳು, ಹತ್ತತ್ತು ಸಲ ಬರೆಸುವುದು ನಿಲ್ಲಬೇಕು ಎಂದೆ. ತಾಯಿಗೆ ಇದನ್ನು ಒಪ್ಪುವುದು ಕಷ್ಟವಾಯಿತು, “ಹಾಗಾದ್ರೆ ನಾನೇನು ಮಾಡ್ಲಿ?” ಎಂದು ಮತ್ತೆ ಕೇಳಿದರು. ದಿನಕ್ಕೆ ಹತ್ತು ನಿಮಿಷ ಒಟ್ಟಿಗೆ ಓದಿ. ಅವನ ತರಗತಿಗಿಂತ ಸುಲಭವಾದ, ಚಿತ್ರವಿರುವ ಕಥೆ ಇರಲಿ. ಒಂದೇ ಪ್ಯಾರಾವನ್ನು ಎರಡು ಮೂರು ದಿನ ಓದಿಸಿ. ಮೊದಲ ದಿನ ತಡವರಿಸಿದ್ದು ಮೂರನೇ ದಿನ ಸರಾಗವಾಗುವುದನ್ನು ಅವನ ಕಿವಿಯೇ ಕೇಳಬೇಕು. ಪದ ಸಿಕ್ಕಿಕೊಂಡರೆ ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ, ಆಮೇಲೆ ನೀವೇ ಹೇಳಿಬಿಡಿ. ‘ನಿನ್ನೆ ತಾನೇ ಹೇಳಿಕೊಟ್ಟಿದ್ದೆ’ ಎಂಬ ಮಾತು ಬೇಡ. ಅವನು ಓದಿದ ಮೇಲೆ, ಅವನಿಗೆ ಇನ್ನೂ ಓದಲಾಗದಂಥ ದೊಡ್ಡ ಕಥೆಯನ್ನು ಅಪ್ಪ ಓದಿ ಹೇಳಲಿ. ಆ ಸೂತ್ರದ ಗುಣಾಕಾರದ ಇನ್ನೊಂದು ಸಂಖ್ಯೆ, ಅಂದರೆ ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ, ಬೆಳೆಯುವುದು ಅದರಿಂದ. ಸಂಗೀತದ ಸಾಲಿಗೆ ಗುರುತು ಹಾಕಿರಲಿಲ್ಲವಲ್ಲ, ಪ್ರಾಸದ ಹಾಡು, ಪದಗಳನ್ನು ಚಪ್ಪಾಳೆ ತಟ್ಟಿ ಒಡೆಯುವುದು, ಅಂತ್ಯಾಕ್ಷರಿ, ಇವೆಲ್ಲ ಶಬ್ದದ ತುಣುಕುಗಳಿಗೆ ಕಿವಿಯನ್ನು ಪಳಗಿಸುತ್ತವೆ. ಓದಿಗೆ ಅದು ಬೇಕೇ ಬೇಕು.

ಲೆಕ್ಕಕ್ಕೆ ಪುಸ್ತಕ ಬೇಡ. ಕಡ್ಡಿಗಳನ್ನು ಹತ್ತತ್ತಾಗಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಲಿ. 52 ಅಂದರೆ ಐದು ಕಟ್ಟು, ಎರಡು ಬಿಡಿ. ಅದರಲ್ಲಿ 17 ಕೊಡು ಎಂದಾಗ ಏಳು ಬಿಡಿ ಕಡ್ಡಿ ಇರುವುದಿಲ್ಲ. ಒಂದು ಕಟ್ಟು ಬಿಚ್ಚುವುದು ಅವನಿಗೇ ಹೊಳೆಯುವವರೆಗೆ ಕಾಯಿರಿ. ಬಿಚ್ಚುವುದನ್ನು ಕೈ ಕಲಿತ ಮೇಲಷ್ಟೇ ಕಾಗದದ ಲೆಕ್ಕ.

ಬೆಳಗಿನ ಹೊಟ್ಟೆನೋವಿನ ಬಗ್ಗೆ: ನೋವು ನಾಟಕವಲ್ಲ, ಹೆದರಿಕೆ ಹೊಟ್ಟೆಯಲ್ಲಿ ನಿಜವಾಗಿಯೂ ನೋಯುತ್ತದೆ. ನಾಟಕ ಎಂದು ಗದರಬೇಡಿ, ಹಾಗೆಂದು ಮನೆಯಲ್ಲಿ ಉಳಿಸಿಕೊಳ್ಳಲೂ ಬೇಡಿ. ‘ನೋಯ್ತಿದೆ ಅಂತ ಗೊತ್ತು, ಹೋಗಿ ಬಾ, ಸಂಜೆ ಮಾತಾಡೋಣ’ ಎಂದು ಕಳಿಸಿ. ಮನೆಯಲ್ಲಿ ಉಳಿದ ಪ್ರತಿ ದಿನವೂ ಮರುದಿನದ ಹೆಜ್ಜೆಯನ್ನು ಭಾರ ಮಾಡುತ್ತದೆ.

ಮಿಸ್ ಬಳಿ ‘ನನ್ನ ಮಗ ಯಾವುದರಲ್ಲಿ ವೀಕು?’ ಎಂದು ಕೇಳಬೇಡಿ, ‘ಪ್ರಶ್ನೆಯನ್ನು ನೀವು ಓದಿ ಹೇಳಿದರೆ ಉತ್ತರ ಹೇಳ್ತಾನಾ?’ ಎಂದು ಕೇಳಿ ಎಂದೆ. ಅವರು ಒಳ್ಳೆಯ ಟೀಚರ್. ಮುಂದಿನ ಟೆಸ್ಟಿನಲ್ಲಿ ಹೇಳಿಕೆ ಲೆಕ್ಕಗಳನ್ನು ಇಡೀ ಕ್ಲಾಸಿಗೇ ಗಟ್ಟಿಯಾಗಿ ಓದಿ ಹೇಳಿದರು, ಇವನೊಬ್ಬನನ್ನು ಬೇರೆ ಮಾಡಲಿಲ್ಲ.

ಇನ್ನು ತಂದೆಯ ಮಾತು. ‘ನಾನೂ ಹೀಗೇ ಇದ್ದೆ’ ಎಂಬುದನ್ನು ಅವರು ಕಾಯಲು ಕಾರಣವೆಂದು ತಿಳಿದಿದ್ದರು. ನನಗದು ಕಾಯಬಾರದು ಎಂಬುದಕ್ಕೆ ಕಾರಣವಾಗಿತ್ತು. ಓದಿನ ತೊಂದರೆ, ಅಂದರೆ ಡಿಸ್ಲೆಕ್ಸಿಯಾ, ಕುಟುಂಬಗಳಲ್ಲಿ ಹರಿದುಬರುವುದುಂಟು. ಕೆದಕಿ ಕೇಳಿದಾಗ, ಈಗಲೂ ದೊಡ್ಡ ಪತ್ರ ಬಂದರೆ ಎರಡು ಸಲ ಓದಬೇಕಾಗುತ್ತದೆ, ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ ಎಂದರು. ಹೆಂಡತಿಗೂ ಅದು ಹೊಸ ಸುದ್ದಿ. ಅದಕ್ಕೇ ನಾನು ಹಾಕಿದ ಗಡುವು ಸ್ಪಷ್ಟವಾಗಿತ್ತು: ಟರ್ಮ್ ಮುಗಿಯುವವರೆಗೆ ಮೇಲಿನದೆಲ್ಲ ನಡೆಯಲಿ, ಅಷ್ಟಾಗಿಯೂ ಓದಿನ ವೇಗ ಕದಲದಿದ್ದರೆ ಕಲಿಕಾ ನ್ಯೂನತೆಯ ತಪಾಸಣೆ. ನಾಲ್ಕನೇ ತರಗತಿಗೆ ಬರಲಿ ಆಮೇಲೆ ನೋಡೋಣ ಎಂಬುದು ಬೇಡ.

ಟರ್ಮ್ ಕೊನೆಗೆ ಬಂದಾಗ ಹೊಟ್ಟೆನೋವು ಟೆಸ್ಟಿನ ದಿನಗಳಿಗಷ್ಟೇ ಉಳಿದಿತ್ತು. 16ರ ಪ್ರಶ್ನೆಗೆ ಹತ್ತು ಗುಂಡಿಗಳನ್ನು ಒಟ್ಟಿಗೆ ಸರಿಸಿದ. ಓದು ಸುಧಾರಿಸಿದೆ, ಆದರೆ ಇಷ್ಟು ಅಭ್ಯಾಸಕ್ಕೆ ಸುಧಾರಿಸಬೇಕಾದಷ್ಟು ಅಲ್ಲ. ಹೊಸ ಪ್ಯಾರಾ ಕೊಟ್ಟರೆ ಬೆರಳು ಇನ್ನೂ ಒತ್ತಕ್ಷರದ ಬಳಿ ನಿಲ್ಲುತ್ತದೆ. ತಪಾಸಣೆಗೆ ಹೋಗುವುದೆಂದು ಇಬ್ಬರೂ ಒಪ್ಪಿದ್ದಾರೆ. ಹೋಗುವಾಗ ತಿದ್ದಿ ಬರೆಸಿದ ಫೇರ್ ನೋಟ್‌ಬುಕ್ ಒಯ್ಯಬೇಡಿ, ತಪ್ಪುಗಳಿರುವ ರಫ್ ಪುಸ್ತಕವನ್ನೇ ಒಯ್ಯಿರಿ, ತಂದೆಯ ವಿಷಯವನ್ನೂ ಮುಚ್ಚಿಡದೆ ಹೇಳಿ ಎಂದು ತಿಳಿಸಿದ್ದೇನೆ.